ಕಿವಿಯೊಳಗಿನ ಕುರ್ರ್

ಜ್ಯೋತಿಗೆ ಉದ್ದ ಹೆಸರುಗಳ ಮೇಲೆ ಹಳೆಯ ಸಿಟ್ಟು. ಸಿರಸಿಯ ಆನ್‌ಲೈನ್ ಸೆಂಟರೊಂದರಲ್ಲಿ ದಿನವಿಡೀ ಅರ್ಜಿ ತುಂಬುವವಳು ಅವಳು. ಸ್ವಂತ ಅಪ್ಪ ಪರಮೇಶ್ವರಪ್ಪನ ಹೆಸರೇ ಊರು, ಮನೆತನ ಸೇರಿದರೆ ಚೌಕದೊಳಗೆ ಹಿಡಿಯುತ್ತಿರಲಿಲ್ಲ. ಅದಕ್ಕೋ ಏನೋ, ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಪುಟ್ಟ ಪದ ಸಿಕ್ಕರೆ ಅವಳಿಗೆ ಹುಚ್ಚು. ಮೀ ಎಂದರೆ ಸ್ನಾನ ಮಾಡು, ಈ ಎಂದರೆ ಕರು ಹಾಕು, ಜ್ಯಾ ಎಂದರೆ ಬಿಲ್ಲಿನ ಹೆದೆ. ಎಲ್ಲವೂ ನೋಟ್‌ಬುಕ್ಕಿಗೆ ಏರುತ್ತಿದ್ದವು. ಗ್ಲೌ ಎಂದರೆ ಚಂದ್ರ ಎಂದು ಗೊತ್ತಾದ ದಿನವಂತೂ ಬಸ್ಸಿನ ಕಂಡಕ್ಟರನಿಗೂ ಹೇಳಿಬಿಟ್ಟಿದ್ದಳು.

ಈಗ ಅಣ್ಣ ಪವನ್‌ಗೆ ಮಗಳು. ಬಾಣಂತನ ಮುಗಿಸಿ ಅವನ ಹೆಂಡತಿ, ಜ್ಯೋತಿಯ ವೈನಿ, ಬಂದದ್ದೇ ಬನವಾಸಿಯ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು, ಆಮೇಲೆ ಹೆಸರು ಉಸುರಬೇಕು, ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಕಿವಿಗೆ ಬಿದ್ದದ್ದೇ ಹೆಸರು; ಈ ಮನೆಯಲ್ಲಿ ಅದನ್ನು ಬದಲಾಯಿಸುವ ಮಾತಿಲ್ಲ. ಇರುವವನೋ ಒಬ್ಬನೇ ಅಣ್ಣ. ಇಂಥ ಅವಕಾಶ ಮತ್ತೆ ಸಿಗುವುದುಂಟೇ?

"ಗ್ಲೌ," ಎಂದಳು ಜ್ಯೋತಿ, ಗುಗ್ಗರಿ ಬೇಯಿಸುತ್ತಿದ್ದ ಅವ್ವನಿಗೆ.

ಪಾರ್ವತವ್ವನ ಕೈ ನಿಂತಿತು. "ಅದೇನು ಹೆಸರೋ, ಗಂಟಲಾಗ ಹೋಳಿಗಿ ಸಿಕ್ಕೊಂಡಿದ್ದೋ? ಅಭಿಜ್ಞಾ ಅಂತ ಎಲ್ಲಾರಿಗೂ ಹೇಳೇವಿ. ಮಂದಿ ಮುಂದ ನನ್ನ ಮಾನ ಕಳದಿ ಅಂದ್ರ ನೋಡು, ಗುದ್ದೋರಾಗ ನಾನ ಮೊದಲು."

"ಗುದ್ದವ್ವಾ. ಹೆಸರು ಹೇಳಾಕಿ ನಾನು."

ಗೆದ್ದ ಗತ್ತಿನಲ್ಲಿ ಕೋಣೆಗೆ ಹೋದರೆ ವೈನಿ ಕೂಸಿಗೆ ಹೊಸ ಅಂಗಿ ತೊಡಿಸುತ್ತಿದ್ದಳು. ಜೋರು ಮಾತಿನವಳಲ್ಲ ಅವಳು. "ನಿಮ್ಮ ಹಕ್ಕು, ಏನ ಬೇಕಾದ್ದು ಇಡ್ರಿ," ಎಂದಳು. ಸ್ವಲ್ಪ ತಡೆದು, "ಆದ್ರ ಹುಟ್ಟಿದ ದಿನದಿಂದ ಯಾರೂ ಇಲ್ಲದಾಗ ಅಭಿಜ್ಞಾ ಅಂತ ಕರಕೋತ ಬಂದೀನ್ರಿ. ಈಗ ಹೊರಳಿ ನೋಡ್ತೈತಿ."

ಜ್ಯೋತಿಯ ಚಂದ್ರ ಅಲ್ಲೇ ಮುಳುಗಿದ. ಸಂಕಟವಾಯಿತು, ಸುಳ್ಳೇಕೆ ಹೇಳಬೇಕು.

ತೊಟ್ಟಿಲ ಸುತ್ತ ಹೆಂಗಸರು ನೆರೆದರು. ಜ್ಯೋತಿ ಬಗ್ಗಿ "ಕುರ್ರ್" ಎಂದದ್ದೇ ತಡ, ಧಡ್ ಎಂದು ಮೊದಲ ಗುದ್ದು ಅವ್ವನದೇ. ಅದರ ಮೇಲೆ ಇನ್ನೈದಾರು ಕೈ. ಗುದ್ದುಗಳ ನಡುವೆ ಕುರ್ರ್ ಉದ್ದವಾಗಿ, ನಡುಗಿ, ಕೊನೆಗೂ "ಅಭಿಜ್ಞಾ" ಹೊರಬರುವಷ್ಟರಲ್ಲಿ ಕೂಸು ಕಣ್ಣರಳಿಸಿ ಕಿಲಕಿಲ ನಕ್ಕಿತು. ಅದು ದನಿ ತೆಗೆದು ನಕ್ಕದ್ದು ಅದೇ ಮೊದಲು.

"ಇನ್ನೊಮ್ಮೆ ಅನ್ರಿ," ಎಂದಳು ವೈನಿ.

ಅಂದಳು. ನಕ್ಕಿತು. ಅಭಿಜ್ಞಾ ಎಂದರೆ ಬರೀ ಹೊರಳಿ ನೋಡುವ ಕೂಸು ಕುರ್ರ್ ಎಂದರೆ ಕೈಕಾಲು ಬಡಿದು ಕೇಕೆ ಹಾಕುತ್ತಿತ್ತು. ಆಮೇಲೆ ಹೆಂಗಸರಿಗೆಲ್ಲ ಹುಚ್ಚು ಹಿಡಿಯಿತು. ಸರದಿಯಲ್ಲಿ ಬಗ್ಗುವುದು, ಕುರ್ರ್ ಎನ್ನುವುದು, ಗುದ್ದಿಸಿಕೊಳ್ಳುವುದು. ಪವನ್ ಕೂಡ ನುಗ್ಗಿ ಬಂದು ಎಂಟು ಗುದ್ದು ತಿಂದ. ಅರ್ಥ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಇಂಥ ಪದ ಇಷ್ಟು ದಿನ ನೋಟ್‌ಬುಕ್ಕಿನಿಂದ ಹೇಗೆ ತಪ್ಪಿಸಿಕೊಂಡಿತೆಂದು ಜ್ಯೋತಿ ನಗುತ್ತಲೇ ಹಣೆ ಚಚ್ಚಿಕೊಂಡಳು.

ಬಂದವರೆಲ್ಲ ಹೋದ ಮೇಲೆ ತೊಟ್ಟಿಲ ಬಳಿ ಪಾರ್ವತವ್ವ ಒಬ್ಬಳೇ ನಿಂತಿದ್ದಳು. ಅತ್ತಿತ್ತ ನೋಡಿ, ಮೆಲ್ಲಗೆ ಬಗ್ಗಿ, "ಕುರ್ರ್," ಎಂದಳು. ಜ್ಯೋತಿ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಅವಳ ಬೆನ್ನಿಗೊಂದು ಗುದ್ದಿದಳು.

"ಹೆತ್ತವ್ವನ್ನ ಗುದ್ದತೀ ಏನ?"

"ಪದ್ಧತಿ ಅವ್ವಾ."

ಪಾರ್ವತವ್ವ ಬೆನ್ನು ಸವರಿಕೊಂಡಳು. "ಹಂಗಾದ್ರ ಸುಮ್ನ ನಿಂದ್ರಬ್ಯಾಡ," ಎಂದು ಮತ್ತೆ ಬಗ್ಗಿದಳು.