ಕಾವಲು ಕೂತವನ ಚಾಂಪಿಯನ್‌ಷಿಪ್

ಕಡಲೆ, ಬಿಳಿ ಬೀನ್ಸ್, ಗೋಧಿ, ಮೂರನ್ನೂ ಬೇರೆ ಬೇರೆ ಬೋಗುಣಿಯಲ್ಲೇ ನೆನೆಹಾಕಬೇಕು. ಒಂದೊಂದೂ ತನ್ನ ಹೊತ್ತಿಗೆ ಮೆತ್ತಗಾಗುವ ಕಾಳು. ಅವಸರ ಮಾಡಿದರೆ ಸಾರು ಕೆಡುತ್ತದೆ. ಮಿಲ್ವಾ ಕಡಲೆಯ ನೀರು ಬಸಿದು ಬೀನ್ಸಿನ ಬೋಗುಣಿಗೆ ಕೈಹಾಕುವಷ್ಟರಲ್ಲಿ ಯಾರೋ ಬಾಗಿಲು ಮುರಿಯುವ ಹಾಗೆ ಬಡಿದರು.

"ಮಿಲ್ವಾ! ಕೊಟ್ಟುಬಿಟ್ರು ಕಣೇ! ಕೊಟ್ಟೇಬಿಟ್ರು!"

ಕೆಳಗಿನ ಮನೆಯ ದಿರ್ಚಕ್ಕ. ಎಪ್ಪತ್ತು ದಾಟಿದ ಹೆಂಗಸು, ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು. ಕೈಯಲ್ಲಿ ಬೆಳಗಿನ ಪತ್ರಿಕೆ ಮುದ್ದೆಯಾಗಿತ್ತು.

"ಏನು ಕೊಟ್ರು, ಯಾರಿಗೆ ಕೊಟ್ರು? ಮೊದ್ಲು ಉಸಿರು ಬಿಡು ಅಕ್ಕಾ."

"ಚಾಂಪಿಯನ್‌ಷಿಪ್ ಕಣೇ! ನಲವತ್ನಾಲ್ಕನೇ ಇಸವೀದು! ಐವತ್ತೆಂಟು ವರ್ಷ ಆದ್ಮೇಲೆ ಫುಟ್‌ಬಾಲ್ ಒಕ್ಕೂಟದವರಿಗೆ ನಮ್ಮ ಊರು ಸ್ಪೆತ್ಸಿಯಾ ನೆನಪಾಯ್ತು. ಇನ್ಮೇಲೆ ನಮ್ಮ ಹುಡುಗರು ಅಂಗಿ ಮೇಲೆ ಗೆದ್ದವರ ಮೂರು ಬಣ್ಣದ ಬಿಲ್ಲೆ ಹಾಕ್ಕೋಬಹುದಂತೆ. ಆ ಜೆನೋವಾದವರು ಒಂಬತ್ತು ಸಲ ಗೆದ್ವಿ, ಒಂಬತ್ತು ಸಲ ಅಂತ ಎಷ್ಟು ಮೆರೆದ್ರು! ಭತ್ತದ ಗದ್ದೆ ವೆರ್ಚೆಲ್ಲಿಗೆ ಏಳು. ಕಸಾಲೆಗೊಂದು, ನೋವಿಗೊಂದು. ನೋವಿ ಅಂದ್ರೆ ಎಷ್ಟು ದೊಡ್ಡ ಊರು, ನನ್ನ ಅಂಗೈಯಷ್ಟು! ನಮಗೆ ಮಾತ್ರ ಏನೂ ಇರ್ಲಿಲ್ಲ. ಇವತ್ತು ಬಂತು!"

ಅಡುಗೆಮನೆಯ ಮೇಜಿನ ಹತ್ತಿರ ಮಿಲ್ವಾಳ ಅಪ್ಪ ನೆವಿಯೊ ನಿನ್ನೆಯ ಬ್ರೆಡ್ಡನ್ನು ಹಾಲಿನ ಕಾಫಿಯಲ್ಲಿ ಅದ್ದುತ್ತ ಕೂತಿದ್ದ. ಎಂಬತ್ತೆರಡರ ಮುದುಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಊರಿನ ಅಗ್ನಿಶಾಮಕ ದಳದಲ್ಲಿದ್ದವನು. ಅದ್ದಿದ ಬ್ರೆಡ್ಡು ಕಾಫಿಯೊಳಗೇ ಕರಗಿ ಬಿತ್ತು. ಅವನು ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಒಳ್ಳೇದಾಯ್ತು" ಎಂದು ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ದಿರ್ಚಕ್ಕ ಕಣ್ಣಲ್ಲೇ 'ಏನಾಯ್ತು' ಎಂದಳು. ಮಿಲ್ವಾ ತಲೆಯಾಡಿಸಿದಳು. ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು ನಿಂತಿದ್ದ ಎಂಟು ವರ್ಷದ ನೊಯೆಮಿ ಕೋಣೆಯ ಬಾಗಿಲನ್ನೇ ನೋಡುತ್ತ, "ಅಮ್ಮಾ, ನಾನು ತಾತನ್ನ ಒಂದು ಕೇಳ್ಲಾ?" ಎಂದಳು.

ಮಿಲ್ವಾ ಒದ್ದೆ ಬೆರಳನ್ನು ಮಗಳ ತುಟಿಯ ಮೇಲಿಟ್ಟಳು. "ಅದೊಂದು ಬೇಡ ಚಿನ್ನ. ಬೇರೆ ಏನು ಬೇಕಾದ್ರೂ ಕೇಳು."

ಇದೇ ಮಾತನ್ನು ಮಿಲ್ವಾಳಿಗೆ ಅವಳಮ್ಮ ಹೇಳಿದ್ದಳು, ಸಾಯುವವರೆಗೂ ಹೇಳಿದ್ದಳು. ಊರಿಗೆಲ್ಲ ಗೊತ್ತಿರುವ ಕತೆ ಈ ಮನೆಯಲ್ಲಿ ಮಾತ್ರ ಮೂಕವಾಗಿತ್ತು. ಯುದ್ಧದ ಆ ಬೇಸಿಗೆಯಲ್ಲಿ ಇಟಲಿ ದೇಶ ಎರಡು ತುಂಡಾಗಿದ್ದಾಗ, ಸ್ಪೆತ್ಸಿಯಾದ ಆಟಗಾರರು ಅಗ್ನಿಶಾಮಕ ದಳ ಸೇರಿ, ಅದೇ ದಳದ ಹೆಸರಿನಲ್ಲಿ ಚೆಂಡು ಒದ್ದರು. ಬಾಂಬು ಬೀಳುವ ದಾರಿಯಲ್ಲಿ ಫೈರ್ ಎಂಜಿನ್ ಹತ್ತಿಕೊಂಡೇ ಕೊನೆಯ ಸುತ್ತಿನ ಆಟಕ್ಕೆ ಮಿಲಾನಿಗೆ ಹೋದರು. ಆಗ ಯಾರೂ ಮಣಿಸಲಾಗದ ತಂಡವೆಂದರೆ ಟೊರಿನೊ. ಅದನ್ನು ಎರಡಕ್ಕೆ ಒಂದು ಗೋಲಿನಿಂದ ಸೋಲಿಸಿದರು. ಆಮೇಲೆ ಒಕ್ಕೂಟ ಅದನ್ನು ಚಾಂಪಿಯನ್‌ಷಿಪ್ ಎಂದು ಒಪ್ಪಲಿಲ್ಲ.

ತಂಡದ ಫೋಟೋ ಊರಿನ ಅರ್ಧದಷ್ಟು ಅಂಗಡಿಗಳ ಗೋಡೆಯ ಮೇಲಿತ್ತು. ಆಟಗಾರರ ಅಕ್ಕಪಕ್ಕ ದಳದವರೂ ನಿಂತಿದ್ದಾರೆ. ಆ ಫೋಟೋದಲ್ಲಿ ನೆವಿಯೊ ಇಲ್ಲ. ಮಿಲ್ವಾ ಹನ್ನೆರಡರ ಹುಡುಗಿಯಾಗಿದ್ದಾಗ ಕ್ಷೌರದಂಗಡಿಯ ಗಿನೊ ಎಲ್ಲರೆದುರು ನಕ್ಕು ಕೇಳಿದ್ದ: "ಏನಮ್ಮಾ, ಫೋಟೋ ತೆಗೆಯೋವಾಗ ನಿಮ್ಮಪ್ಪ ಯಾವ ಗುಡ್ಡದಲ್ಲಿ ಬಚ್ಚಿಟ್ಟುಕೊಂಡಿದ್ದ?" ಆ ಮಾತು ಅವಳೆದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಆ ಬೇಸಿಗೆಯಲ್ಲಿ ಓಡಿಹೋದವರು ಬೇಕಾದಷ್ಟಿದ್ದರು. ಅಪ್ಪನೂ ಓಡಿದ್ದನೇ? ಕೇಳಿದರೆ ಹೌದೆಂದುಬಿಟ್ಟರೆ? ಆ ಹೆದರಿಕೆಗೇ ಅವಳು ಮೂವತ್ತು ವರ್ಷ ಕೇಳದೆ ಉಳಿದಿದ್ದಳು.

ಮಧ್ಯಾಹ್ನ ಸಾರು ಕುದಿಯುತ್ತಿದ್ದಾಗ ಅಗ್ನಿಶಾಮಕ ಠಾಣೆಯಿಂದ ಒಬ್ಬ ಯುವಕ ಬಂದ. ರೂಬೆನ್ ಎಂದು ಹೆಸರು. ಟೋಪಿ ಕಂಕುಳಲ್ಲಿಟ್ಟುಕೊಂಡು, ಒಂದು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಭಾನುವಾರ ಠಾಣೆಯಲ್ಲಿ ಸಮಾರಂಭ, ಅಮ್ಮಾ. ಆಗಿನ ದಳದಲ್ಲಿ ಬದುಕಿರೋರನ್ನೆಲ್ಲ ಮುಂದಿನ ಸಾಲಲ್ಲಿ ಕೂರಿಸ್ತೀವಿ. ಇದು ನೆವಿಯೊ ತಾತನ ಕೋಟಿಗೆ." ಲಕೋಟೆಯೊಳಗಿದ್ದದ್ದು ಹಸಿರು, ಬಿಳಿ, ಕೆಂಪಿನ ಚಿಕ್ಕ ಬಟ್ಟೆಯ ಬಿಲ್ಲೆ.

ಕೋಣೆಯ ಬಾಗಿಲು ತೆರೆಯಿತು. ನೆವಿಯೊ ಹೊಸ್ತಿಲಲ್ಲೇ ನಿಂತ.

"ಅದನ್ನ ವಾಪಸ್ ತಗೊಂಡು ಹೋಗಪ್ಪ. ನಾನು ಆಡಿಲ್ಲ. ಮಿಲಾನ್‌ಗೂ ಹೋಗಿಲ್ಲ."

ಮಿಲ್ವಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮೂವತ್ತು ವರ್ಷ ನುಂಗಿಕೊಂಡಿದ್ದ ಮಾತು ತಾನಾಗಿಯೇ ಹೊರಬಿತ್ತು. "ಮತ್ತೆ ಎಲ್ಲಿದ್ದೆ ಅಪ್ಪಾ?"

"ಎಲ್ಲಿರ್ತೀನಿ? ಠಾಣೇಲಿ." ಮುದುಕ ಇದೇನು ಕೇಳುವ ಮಾತೇ ಎಂಬಂತೆ ಅವಳನ್ನು ನೋಡಿದ. "ಠಾಣೆ ಖಾಲಿ ಬಿಡೋಕೆ ಆಗುತ್ತಾ? ಆಗ ಬಂದರಿನ ಮೇಲೆ ದಿನಾ ಬಾಂಬು. ಯಾರಾದ್ರೂ ಇರ್ಬೇಕಲ್ಲ ಅಂದ್ರು ನಮ್ಮ ಕ್ಯಾಪ್ಟನ್ನು. ಇರ್ತೀನಿ ಅಂದೆ. ಇನ್ನೂ ಮೂರು ಜನ ಇರ್ತೀವಿ ಅಂದ್ರು. ಒಳ್ಳೇ ಗಾಡಿ ಅವರು ತಗೊಂಡು ಹೋದ್ರು. ನಮಗೆ ಉಳಿದದ್ದು ಒಂದು ಕೈಪಂಪು. ನಾಲ್ಕು ಜನ ಸರದಿ ಮೇಲೆ ನಿದ್ದೆ ಮಾಡ್ತಿದ್ವಿ, ಬೂಟು ಬಿಚ್ಚದೆ."

ಮಿಲ್ವಾ ಒಲೆಗೆ ಬೆನ್ನು ಕೊಟ್ಟು ಹಾಗೇ ಮೇಜಿಗೆ ಒರಗಿದಳು. ಗುಡ್ಡವೂ ಇಲ್ಲ, ಓಡಿದ್ದೂ ಇಲ್ಲ. ನಗು ಬಂತು, ಜತೆಗೆ ಕಣ್ಣೂ ತುಂಬಿತು.

"ಇಷ್ಟನ್ನ ಹೇಳೋಕೆ ಏನಾಗಿತ್ತು ನಿಂಗೆ? ಆ ಗಿನೊ ಬಾಯಿ ಮುಚ್ಚಿಸಬಹುದಿತ್ತು!"

"ಏನಂತ ಹೇಳ್ಲಿ? ಮೊದಮೊದಲು ಹೇಳ್ತಿದ್ದೆ. 'ಅಯ್ಯೋ ಪಾಪ, ನೋಡೋಕೂ ಸಿಗ್ಲಿಲ್ವಾ' ಅಂತ ಬೆನ್ನು ತಟ್ಟೋರು. ಆಮೇಲೆ ನೋಡಿದ್ರೆ, ಅದು ಚಾಂಪಿಯನ್‌ಷಿಪ್ಪೇ ಅಲ್ಲ ಅಂದ್ರು. ಆಡಿದವರ ಆಟವೇ ಲೆಕ್ಕಕ್ಕಿಲ್ಲ ಅಂದ್ಮೇಲೆ, ಕಾವಲು ಕೂತವನ ಮಾತು ಯಾರಿಗೆ ಬೇಕು? ಉಳಿದ ಮೂವರೂ ತೀರಿಹೋದ್ರು. ಈಗ ನಾನೊಬ್ಬ ಹೋಗಿ ಮುಂದಿನ ಸಾಲಲ್ಲಿ ಕೂತ್ರೆ, ಅವರು ಮೇಲಿಂದ ನಕ್ಕಾರು."

ರೂಬೆನ್ ಟೋಪಿಯನ್ನು ಎರಡು ಸಲ ತಿರುಗಿಸಿದ. "ತಾತಾ, ಭಾನುವಾರ ಕೆಳಗೆ ಅಂಗಳದಲ್ಲಿ ಬ್ಯಾಂಡು, ಕೇಕು, ಭಾಷಣ ಎಲ್ಲ ಇರುತ್ತೆ. ಆಗಲೂ ನಮ್ಮವರು ನಾಲ್ಕು ಜನ ಮೇಲೆ ಟೆಲಿಫೋನ್ ಮುಂದೆ ಕೂತಿರ್ತಾರೆ. ಬೂಟು ಬಿಚ್ಚದೆ. ಅದರಲ್ಲಿ ನಾನೂ ಒಬ್ಬ. ನಮಗೆ ಕೇಕೂ ಸಿಗಲ್ಲ." ಆಮೇಲೆ ಹೇಳಿದ: "ಆಡಿದವರನ್ನ ಊರೆಲ್ಲ ನೋಡುತ್ತೆ. ನಾವು ನಾಲ್ಕು ಜನ ನೋಡ್ಬೇಕು ಅಂತಿರೋದು ನಿಮ್ಮನ್ನ."

ನೆವಿಯೊ ಮೂಗು ಒರೆಸಿಕೊಂಡು ಮೇಜಿನ ಹತ್ತಿರ ಬಂದು ಕೂತ. "ಆ ಸಾರು ತಳ ಹಿಡೀತಿದೆ ನೋಡು, ಮಿಲ್ವಾ" ಎಂದ. ಆಮೇಲೆ, "ಈ ಹುಡುಗನಿಗೂ ಒಂದು ಬಟ್ಟಲು ಹಾಕು."

ಶನಿವಾರ ಮಿಲ್ವಾ ಬಟ್ಟೆ ಒಗೆದು, ನೆಲ ಒರೆಸಿ, ನೊಯೆಮಿಯ ಕೂದಲು ತೊಳೆದು, ಕೊನೆಗೆ ಅಪ್ಪನ ಕಪ್ಪು ಕೋಟು ತೊಡೆಯ ಮೇಲೆ ಹರವಿಕೊಂಡಳು. ಬಿಲ್ಲೆಯನ್ನು ಎದೆಯ ಎಡಕ್ಕೆ ಇಟ್ಟು ನೋಡಿದಳು, ಅರ್ಧ ಬೆರಳು ಮೇಲಕ್ಕೆ ಸರಿಸಿದಳು. ನೊಯೆಮಿ ಸೂಜಿಗೆ ದಾರ ಪೋಣಿಸಿಕೊಟ್ಟು ಪಕ್ಕದಲ್ಲೇ ಕೂತಳು.

"ಅಮ್ಮಾ, ಈಗ ಕೇಳಬಹುದಾ?"

"ತಾತ ಆಡಿಲ್ಲ ಅಂತ ಗೊತ್ತಾಯ್ತಲ್ಲ ಪುಟ್ಟಾ. ಮತ್ತೆ ಅದನ್ನೇ ಕೆದಕಬೇಡ. ನಾಳೆ ಒಂದು ದಿನ ಸುಮ್ನಿರು."

"ಅದಲ್ಲಮ್ಮಾ..." ಎಂದಳು ಹುಡುಗಿ. ಅಷ್ಟರಲ್ಲಿ ಒಗೆದ ಬಟ್ಟೆ ಗಾಳಿಗೆ ಹಾರುತ್ತಿದೆ ಎಂದು ದಿರ್ಚಕ್ಕ ಕೆಳಗಿನಿಂದ ಕೂಗಿದಳು. ಮಿಲ್ವಾ ದಾರ ಕಚ್ಚಿ ಹರಿದು ಓಡಿದಳು.

ಭಾನುವಾರ ಊರಿಗೆ ಊರೇ ಠಾಣೆಯ ಅಂಗಳದಲ್ಲಿತ್ತು. ಕಿಟಕಿಗಳಿಂದ ತಂಡದ ಬಿಳಿ ಬಾವುಟಗಳು ಇಳಿಬಿದ್ದಿದ್ದವು; ಕೆಂಪು ಫೈರ್ ಎಂಜಿನ್‌ಗಳನ್ನು ಮದುಮಗಳ ಹಾಗೆ ಹೊಳೆಯಿಸಿ ಸಾಲಾಗಿ ನಿಲ್ಲಿಸಿದ್ದರು. ಬ್ಯಾಂಡಿನವರು ಮೂರನೇ ಸಲ ಅದೇ ಹಾಡು ಬಾರಿಸುತ್ತಿದ್ದರೂ ಯಾರಿಗೂ ಬೇಸರವಿಲ್ಲ. ಮೀನು ಮಾರುವವರು ಕೂಗುತ್ತಿದ್ದರು, ಹಡಗುಕಟ್ಟೆಯ ಕೆಲಸಗಾರರು ಕುಣಿಯುತ್ತಿದ್ದರು, ಪಾದ್ರಿ ಕೂಡ ಕೊರಳಿಗೆ ತಂಡದ ಶಾಲು ಸುತ್ತಿಕೊಂಡಿದ್ದ. ದಿರ್ಚಕ್ಕ ಈಗ ಎರಡೂ ಚಪ್ಪಲಿ ಹಾಕಿಕೊಂಡು, ಸಿಕ್ಕವರನ್ನೆಲ್ಲ ತಬ್ಬಿಕೊಂಡು, "ನಾವೂ! ನಾವೂ!" ಎನ್ನುತ್ತಿದ್ದಳು.

ಠಾಣೆಯ ಮುಖ್ಯಸ್ಥ ಧ್ವನಿವರ್ಧಕದಲ್ಲಿ ಗೆದ್ದವರ ಹೆಸರು ಒಂದೊಂದಾಗಿ ಓದಿದ. ಒಂದೊಂದು ಹೆಸರಿಗೂ ಅಂಗಳ ನಡುಗಿತು. ಕೊನೆಗೆ ಹಾಳೆ ಮಡಿಚಿಟ್ಟು, "ಇವರೆಲ್ಲ ಮಿಲಾನಿನಲ್ಲಿದ್ದಾಗ ಈ ಊರನ್ನು ನಾಲ್ಕು ಜನ ಕಾದರು" ಎಂದ. ಮೂವರ ಹೆಸರು ಹೇಳಿದ. ನಾಲ್ಕನೆಯ ಹೆಸರಿಗೆ ನೆವಿಯೊ ಎದ್ದು ನಿಂತ. ಮೇಲಿನ ಕಿಟಕಿ ತೆರೆಯಿತು. ಪಾಳಿಯಲ್ಲಿದ್ದ ರೂಬೆನ್ ಮತ್ತು ಉಳಿದ ಮೂವರು ಅಲ್ಲಿಂದಲೇ ಕೈ ಹಣೆಗಿಟ್ಟು ವಂದಿಸಿದರು. ಮುದುಕ ತಲೆಯೆತ್ತಿ ನೋಡಿದ. ಅವನ ಕೈಯೂ ಹಣೆಗೆ ಹೋಯಿತು. ಆಮೇಲೆ ಎದ್ದ ಚಪ್ಪಾಳೆ ಬಂದರಿನವರೆಗೂ ಕೇಳಿರಬೇಕು.

ಗುಂಪನ್ನು ಸೀಳಿಕೊಂಡು ಬಂದವನು ಕ್ಷೌರದ ಗಿನೊ. ಅವನಿಗೂ ಈಗ ಎಪ್ಪತ್ತೈದು. "ನೆವಿಯೊ! ಚಾಂಪಿಯನ್! ಏನೇನೋ ಅಂದುಬಿಟ್ಟಿದ್ದೆ ಮಾರಾಯಾ, ಬಾಯಿ ಸುಡಲಿ ನಂದು!"

"ಸುಡಲಿ ಬಿಡು, ಆರಿಸೋಕೆ ನಾನಿದೀನಲ್ಲ" ಎಂದ ನೆವಿಯೊ. "ಇನ್ಮೇಲೆ ನನ್ನ ಗಡ್ಡ ನೀನೇ ಕೆರೀಬೇಕು, ಪುಕ್ಕಟೆ. ಚಾಂಪಿಯನ್ ಗಡ್ಡ ಇದು."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಗಿನೊ ಅವನ ಎರಡೂ ಕೆನ್ನೆಗೆ ಲೊಚಲೊಚನೆ ಮುತ್ತಿಟ್ಟ. ಮಿಲ್ವಾ ಅಪ್ಪನನ್ನು ನೋಡಿದಳು. ಬೆನ್ನು ನೆಟ್ಟಗಿತ್ತು, ಬಿಲ್ಲೆ ಎದೆಯ ಮೇಲೆ ಸರಿಯಾದ ಜಾಗದಲ್ಲಿತ್ತು. ಅವಳು ಹುಟ್ಟಿದಾಗಿನಿಂದ ಇಷ್ಟು ಜನರ ನಡುವೆ ಅವನು ಹೀಗೆ ನಿಂತದ್ದೇ ಇಲ್ಲ. ಒಬ್ಬೊಬ್ಬರೂ ಬಂದು ಕೈಕುಲುಕಿದರು. ಆಟದ ಬಗ್ಗೆ, ಗೋಲಿನ ಬಗ್ಗೆ, ಟೊರಿನೊದವರ ಮುಖ ಹೇಗಾಗಿತ್ತು ಎಂಬುದರ ಬಗ್ಗೆ ತಾವೇ ನೋಡಿದವರಂತೆ ಮಾತಾಡಿ ಹೋದರು. ಮುದುಕ ಎಲ್ಲದಕ್ಕೂ ತಲೆದೂಗಿದ. ಅದರ ಬಗ್ಗೆ ಹೇಳುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಜನ ಸ್ವಲ್ಪ ಕರಗಿದ ಮೇಲೆ ನೊಯೆಮಿ ತಾತನ ಕೋಟಿನ ತೋಳು ಹಿಡಿದು ಜಗ್ಗಿದಳು. ಹಳೆಯ ಅಭ್ಯಾಸದಂತೆ ಮಿಲ್ವಾಳ ಕೈ ಮಗಳ ಬಾಯಿಯ ಕಡೆಗೆ ಹೋಯಿತು. ಅರ್ಧದಲ್ಲೇ ನಿಲ್ಲಿಸಿ, ಆ ಕೈಯಿಂದ ಹುಡುಗಿಯ ತಲೆ ಸವರಿದಳು.

"ಕೇಳು ಪುಟ್ಟಾ" ಎಂದಳು.

ನೊಯೆಮಿ ತಾತನ ಮುಖವನ್ನೇ ನೋಡುತ್ತ ಗಟ್ಟಿಯಾಗಿ ಕೇಳಿದಳು:

"ತಾತಾ, ಎಲ್ರೂ ಮಿಲಾನ್‌ಗೆ ಹೋಗಿದ್ರಲ್ಲ, ನೀನು ಇಲ್ಲೇ ಕೂತಿದ್ಯಲ್ಲ. ಮತ್ತೆ ನಾವು ಗೆದ್ವಿ ಅಂತ ನಿಂಗೆ ಯಾರು ಬಂದು ಹೇಳಿದ್ದು?"