ಇನ್ನೂರನೆಯ ಹಕ್ಕಿಯ ಸಾಕ್ಷಿ

ಹೊಟ್ಟೆ ಸರಿ ಇಲ್ಲ ಎಂದು ನಾನು ಸುಳ್ಳು ಹೇಳಿದ್ದು ನಿಜ. ಭಾನುವಾರ ಬೆಳಗ್ಗೆ ಏಳೂವರೆಗೆ, ಕೆಮ್ಮಣ್ಣಿನ ತೂಗುಸೇತುವೆಯ ಹತ್ತಿರ, ಹೊಟ್ಟೆ ಹಿಡಿದುಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ಹೇಳಿದೆ. ಅಲೆಕ್ಸಾಂಡರ್‌ನಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

ನಾನು ಕುಶಲಾ. ಪರ್ಕಳದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಮಕ್ಕಳ ಬಿಳಿ ಕೋಟು ಹೊಲಿಯುತ್ತೇನೆ. ಭಾನುವಾರ ಹಕ್ಕಿ ನೋಡುತ್ತೇನೆ. ಹನ್ನೊಂದು ವರ್ಷದಲ್ಲಿ ಉಡುಪಿ ಜಿಲ್ಲೆಯೊಳಗೆ ನೂರ ತೊಂಬತ್ತೊಂಬತ್ತು ಜಾತಿ ನೋಡಿದ್ದೇನೆ. ಅಲೆಕ್ಸಾಂಡರ್‌ನದ್ದೂ ನೂರ ತೊಂಬತ್ತೊಂಬತ್ತು. ಅವನು ಮಸ್ಕತ್‌ನಿಂದ ರಜೆಗೆ ಬಂದಾಗ ಮಾತ್ರ ನೋಡುವವನು, ಅದೂ ನಾಲ್ಕೇ ವರ್ಷದಲ್ಲಿ, ಎಳೆ ಮಗುವಿನಷ್ಟು ಉದ್ದದ ಲೆನ್ಸ್ ಎತ್ತಿಕೊಂಡು! ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬುಧವಾರ ಅವನ ವಿಮಾನ. ಈ ಭಾನುವಾರದ ಹಕ್ಕಿ ಗಣತಿಯಲ್ಲಿ ಯಾರು ಇನ್ನೂರು ಮುಟ್ಟುತ್ತಾರೋ ಅವರು ಗೆದ್ದಂತೆ. ಜೊತೆಯಲ್ಲೇ ತಿರುಗಿದರೆ ನಾನು ಕಂಡದ್ದನ್ನು ಅವನೂ ಕಾಣುತ್ತಾನಲ್ಲ! ಗೆದ್ದರೆ ಸಿಗುವುದು ಎಂತ? ಎಂತದ್ದೂ ಇಲ್ಲ. ಆದರೂ ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ನಮ್ಮ ಹಕ್ಕಿ ಬಳಗಕ್ಕೆ ಒಂದು ಕ್ರಮ ಉಂಟು, ಜಾರ್ಜ್ ಸರ್ ಮಾಡಿದ್ದು. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಗಣತಿ ಮುಗಿದ ಮೇಲೆ ಎಲ್ಲರೂ ಕೆಮ್ಮಣ್ಣಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಕೂರಬೇಕು, ಅವರು ಪಟ್ಟಿ ಬರೆಯುತ್ತಾರೆ. ಅಪರೂಪದ ಹಕ್ಕಿಯನ್ನು ಒಬ್ಬರೇ ನೋಡಿದ್ದರೆ ಫೋಟೋ ತೋರಿಸಬೇಕು. ಫೋಟೋ ಇಲ್ಲದಿದ್ದರೆ ಸಾಕ್ಷಿ ತರಬೇಕು. ಸಾಕ್ಷಿಯನ್ನು ಹೊರಗೆ ತೆಂಗಿನ ಮರದಡಿ ನಿಲ್ಲಿಸಿ, ಹಕ್ಕಿಯ ಹೆಸರೆತ್ತದೆ ವಿಚಾರಿಸುತ್ತಾರೆ. ಪೊಲೀಸ್ ಸ್ಟೇಷನ್ನಿನಲ್ಲೂ ಇಷ್ಟು ಶಿಸ್ತು ಇರಲಿಕ್ಕಿಲ್ಲ.

ಅಂತೂ ಸ್ಕೂಟರ್ ಹತ್ತಿ, ಒಬ್ಬಳೇ ಹೂಡೆಯ ಕಡೆ ಹೊರಟೆ. ಹೊಳೆಯ ಬದಿಯಲ್ಲಿ ಪಾಳುಬಿದ್ದ ಸಿಗಡಿ ಕೆರೆ, ಅದರಾಚೆ ನೆಲಗಡಲೆಯ ಗದ್ದೆ. ನೀರುಕಾಗೆ, ಬೆಳ್ಳಕ್ಕಿ, ಬಾಲ ಕುಣಿಸುವ ಉಲ್ಲಂಕಿ, ಎಲ್ಲವೂ ಹಳೆಯ ಗಿರಾಕಿಗಳು. ಸಾಲದ್ದಕ್ಕೆ ಕಣ್ಣಿಗೊಂದು ನುಸಿ ಬಿತ್ತು. ಫೋನಿನ ಮುಂದಿನ ಕ್ಯಾಮೆರಾವನ್ನು ಕನ್ನಡಿ ಮಾಡಿಕೊಂಡು, ಸೆರಗಿನ ತುದಿಯಿಂದ ಅದನ್ನು ತೆಗೆದೆ.

ಕಣ್ಣೊರೆಸಿ ನೋಡುತ್ತೇನೆ, ನೆಲಗಡಲೆ ಗಿಡಗಳ ನಡುವೆ ಒಂದು ದೊಡ್ಡ ಬೂದು ಹಕ್ಕಿ. ಬಿಳಿ ತಲೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಪೈಪಿಂಗ್ ಕೊಟ್ಟು ಹೊಲಿದ ಹಾಗೆ. ಪಟ್ಟೆತಲೆ ಹೆಬ್ಬಾತು! ಹಿಮಾಲಯ ದಾಟಿ ಬರುವ ಹೆಬ್ಬಾತು, ನಮ್ಮ ಹೂಡೆಯಲ್ಲಿ!

ಒಂದು ಕೈಯಲ್ಲಿ ಬೈನಾಕ್ಯುಲರ್ ಕಣ್ಣಿಗೊತ್ತಿಕೊಂಡು, ಹಕ್ಕಿಯಿಂದ ದೃಷ್ಟಿ ತೆಗೆಯದೆ, ಇನ್ನೊಂದು ಕೈಯಲ್ಲಿ ಫೋನು ಮುಂದೆ ಚಾಚಿ ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಹೆಬ್ಬಾತು ತಲೆಯೆತ್ತಿತು, ರೆಕ್ಕೆ ಬಿಚ್ಚಿತು, ಒಂದು ಸುತ್ತು ಹಾಕಿ ತೆಂಗಿನ ತೋಟದಾಚೆ ಹೋಯಿತು. ನಾನು ಚಪ್ಪಲಿ ಬಿಟ್ಟು ಕುಣಿದೆ. ನಲವತ್ತಾರು ವರ್ಷದ ಹೆಂಗಸು, ಕೆಸರಿನಲ್ಲಿ, ಒಬ್ಬಳೇ!

ಒಬ್ಬಳೇ ಅಲ್ಲ. ತಿರುಗಿದರೆ ಕೆರೆಯ ದಂಡೆಯ ಮೇಲೆ ಇನ್ನೊಬ್ಬಳು ಹೆಂಗಸು, ಬಟನ್ ಫೋನು ಕಿವಿಗಿಟ್ಟುಕೊಂಡು, ನನ್ನಂತೆಯೇ ಕುಣಿಯುತ್ತಿದ್ದಳು.

"ನೀವೂ ನೋಡಿದ್ರೇನ್ರೀ ಅಕ್ಕಾರ? ಅದು ನಮ್ಮೂರ ಕೆರಿ ಹಕ್ಕಿ ಐತ್ರೀ!"

ಅವಳ ಹೆಸರು ಯಮನವ್ವ. ಗದಗದ ಕಡೆಯವಳು. ಅಲ್ಲೇ ಏಳುತ್ತಿರುವ ಕಟ್ಟಡದ ಕೆಲಸಕ್ಕೆ ಬಂದು, ಶೆಡ್ಡಿನಲ್ಲಿ ಇರುವವಳು. ಗಂಡ ಕಾರ್ಕಳದ ಕುಕ್ಕುಂದೂರಿನಲ್ಲಿ ಕೆಂಪುಕಲ್ಲು ಕಟ್ಟುವ ಕೆಲಸದಲ್ಲಿದ್ದಾನೆ.

"ನಾಕ್ ದಿನದಿಂದ ನೋಡಾಕತ್ತೀನ್ರಿ. ನಮ್ಮ ಕೆರಿಗೆ ಚಳಿಗಾಲದಾಗ ಸಾವಿರಗಟ್ಟಲೆ ಬರ್ತಾವು, ಹೊಲಕ್ಕ ಬಿದ್ದು ಶೇಂಗಾ ತಿಂತಾವು. ನಮ್ಮ ಮನಿಯವರಿಗೆ ಹೇಳಿದ್ರ ನಗ್ತಾರ್ರಿ. ಊರ ನೆನಪಾಗಿ ನಿನಗ ಕೊಕ್ಕರಿನೂ ಕೆರಿ ಹಕ್ಕಿ ಕಂಡಂಗ ಕಾಣತೈತಿ ಅಂತಾರ. ಈಗೂ ನಕ್ಕೋಂತ ಫೋನ್ ಇಟ್ರು." ಹೇಳುತ್ತಾ ಅವಳ ಮುಖ ಸಣ್ಣಗಾಯಿತು.

ಆಗ ನಾನು ಫೋನು ತೆರೆದು ನೋಡಿದೆ. ಹನ್ನೊಂದು ಫೋಟೋ. ಹನ್ನೊಂದರಲ್ಲೂ ನಾನೇ! ಕಣ್ಣಿಗೆ ಬೈನಾಕ್ಯುಲರ್, ಕೆಳಗೆ ಎರಡು ಮೂಗಿನ ಹೊಳ್ಳೆ, ಅದರ ಕೆಳಗೆ ಆ ಎಂದು ತೆರೆದ ಬಾಯಿ. ನುಸಿ ತೆಗೆದ ಮೇಲೆ ಕ್ಯಾಮೆರಾ ತಿರುಗಿಸಲು ಮರೆತಿದ್ದೆ. ಅಳು ಬಂತು. ಎರಡನ್ನು ದೊಡ್ಡದು ಮಾಡಿ ನೋಡಿ, ಮೂರನೆಯದು ನೋಡಲಾಗದೆ ಮುಚ್ಚಿಟ್ಟೆ.

"ಯಮನವ್ವ, ನೀವು ನನಗೆ ಸಾಕ್ಷಿ ಹೇಳಬೇಕು, ಈಗಲೇ ಬನ್ನಿ," ಎಂದು ಅವಳ ಕೈ ಹಿಡಿದುಕೊಂಡೆ.

ಅವಳು ಸ್ವಲ್ಪ ಯೋಚಿಸಿದಳು. "ನಿಮ್ಮ ಸಾಕ್ಷಿ ನಾ ಹೇಳ್ತೀನ್ರಿ. ನನ್ನ ಸಾಕ್ಷಿ ನೀವು ಹೇಳ್ರಿ. ನಮ್ಮ ಮನಿಯವರಿಗೆ."

ಒಪ್ಪಿದೆ. ಸ್ಕೂಟರ್ ಹತ್ತಿಸಿಕೊಂಡು ಹೋಟೆಲಿಗೆ ಬಂದರೆ ಜಾರ್ಜ್ ಸರ್ ನನಗಾಗಿ ಜೀರಿಗೆ ಕಷಾಯ ಮಾಡಿಸಿಟ್ಟಿದ್ದರು. "ಹೊಟ್ಟೆ ಹೇಗುಂಟು ಕುಶಲಾ?" ಎಂದು ಕೇಳಿದರು. ನಾಚಿಕೆಯಿಂದ ಪೂರ್ತಿ ಕುಡಿದೆ. ಆಮೇಲೆ ಅವರ ಕಿವಿಯಲ್ಲಿ ಹಕ್ಕಿಯ ಹೆಸರು ಹೇಳಿದೆ. ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಯಮನವ್ವಳನ್ನು ತೆಂಗಿನ ಮರದಡಿಗೆ ಕರೆದರು.

"ಕಾಲು ಯಾವ ಬಣ್ಣ?"

"ಕಿತ್ತಳಿ ಹಣ್ಣಿನಂಗ್ರಿ."

"ತಲೆ ಹೇಗಿತ್ತು?"

ಯಮನವ್ವ ಸೆರಗು ಸರಿಸಿ, ಪಕ್ಕಕ್ಕೆ ತಿರುಗಿ, ಎರಡು ಬೆರಳು ಜೋಡಿಸಿ ತಲೆಯ ಹಿಂದೆ ಅಡ್ಡಲಾಗಿ ಎಳೆದಳು. "ಹಿಂಗ ಎರಡು ಕರೇ ಗೆರಿ."

ಸರ್ ಪೆನ್ನು ತೆಗೆದರು. ಆಗ, ಹೋಟೆಲಿನ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅಲೆಕ್ಸಾಂಡರ್ ಮುಂದೆ ಬಂದ.

"ಒಂದು ನಿಮಿಷ ಸರ್. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದದ್ದಲ್ವಾ? ದಾರಿಯಲ್ಲಿ ಕುಶಲಕ್ಕ ಹೇಳಿಕೊಟ್ಟಿರಬಹುದು."

ಮಾತು ನ್ಯಾಯವಾಗಿತ್ತು. ಬೆಳಗ್ಗೆ ಸುಳ್ಳು ಹೇಳಿದವಳನ್ನು ಈಗ ನಂಬಬೇಕು ಎಂದು ಯಾವ ಬಾಯಲ್ಲಿ ಹೇಳಲಿ? ಸರ್ ಪೆನ್ನು ಜೇಬಿಗೆ ಹಾಕಿದರು. ಯಮನವ್ವ, ತನ್ನನ್ನು ಇಲ್ಲೂ ಯಾರೂ ನಂಬಲಿಲ್ಲವೆಂದು, ಸೆರಗು ಎಳೆದುಕೊಂಡಳು. ನನ್ನ ಹಕ್ಕಿ ಹೋದದ್ದಕ್ಕಿಂತ ಅದೇ ನನಗೆ ಹೆಚ್ಚು ಬೇಸರವಾಯಿತು.

"ಫೋಟೋ ತೆಗೆಯಲಿಲ್ವಾ?" ಅಲೆಕ್ಸಾಂಡರ್ ಕೇಳಿದ.

"ತೆಗೆದಿದ್ದೇನೆ ಮಾರಾಯ, ನೋಡು, ನಗಾಡು," ಎಂದು ಫೋನು ಕೊಟ್ಟುಬಿಟ್ಟೆ.

ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದೊಂದೇ ಸರಿಸುತ್ತಾ ಏಳನೆಯದಕ್ಕೆ ಬಂದವನು ಗಪ್ಪನೆ ನಿಂತ. ಬೆರಳಿನಿಂದ ಹಿಗ್ಗಿಸಿದ. ನನ್ನ ಹೊಳ್ಳೆಗಳನ್ನು ದಾಟಿ, ಭುಜದ ಮೇಲಿಂದ, ಹಿಂದಿನ ದಂಡೆಗೆ ಹೋದ.

ದಂಡೆಯ ಮೇಲೆ ಯಮನವ್ವ ನಿಂತಿದ್ದಳು. ಒಂದು ಕೈಯಲ್ಲಿ ಕಿವಿಗೆ ಫೋನು, ಇನ್ನೊಂದು ಕೈಯ ಎರಡು ಬೆರಳು ತಲೆಯ ಹಿಂದೆ ಅಡ್ಡಲಾಗಿ. ಕೈಸನ್ನೆ ಫೋನಿನಲ್ಲಿ ಕಾಣುವುದಿಲ್ಲ ಎಂಬುದೂ ಮರೆತು, ಅವಳು ಕುಕ್ಕುಂದೂರಿನ ಗಂಡನಿಗೆ ಆ ಎರಡು ಗೆರೆ ತೋರಿಸುತ್ತಿದ್ದಳು. ಆಗಿನ್ನೂ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿಯೇ ಇರಲಿಲ್ಲ.

"ಸರ್, ಬರೆಯಿರಿ," ಎಂದ ಅಲೆಕ್ಸಾಂಡರ್. "ಇದು ಹೇಳಿಕೊಟ್ಟದ್ದಲ್ಲ." ಅಷ್ಟು ಹೇಳಿ, ಅರ್ಧ ಬನ್ಸ್ ಬಾಯಲ್ಲಿರುವಾಗಲೇ ಲೆನ್ಸ್ ಎತ್ತಿಕೊಂಡು ಹೂಡೆಯ ಕಡೆ ಬೈಕು ಓಡಿಸಿದ. ಓಡಿಸಲಿ! ಆ ಕ್ಷಣ ಕೈಗೆ ಸಿಕ್ಕಿದ್ದರೆ ಅವನನ್ನೂ ಅಪ್ಪಿಕೊಳ್ಳುತ್ತಿದ್ದೆ.

"ನೋಡಿದವರು?" ಸರ್ ಕೇಳಿದರು.

"ಯಮನವ್ವ. ಆಮೇಲೆ ಕುಶಲಾ," ಎಂದೆ. ನಾಲ್ಕು ದಿನ ಮೊದಲು ನೋಡಿದವಳು ಅವಳಲ್ವಾ?

ಯಮನವ್ವ ಆಗಲೇ ಗಂಡನಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ನಾನು ಇಂಥವಳು, ನಿಮ್ಮ ಹೆಂಡತಿ ಹೇಳಿದ್ದು ಸತ್ಯ, ನಾನೂ ಕಣ್ಣಾರೆ ನೋಡಿದ್ದೇನೆ ಎಂದೆ.

"ನಾ ಚಂದಪ್ಪ ಮಾತಾಡೋದ್ರಿ," ಎಂದಿತು ದನಿ. ಅದರಲ್ಲಿ ಇನ್ನೂ ನಗು ಇತ್ತು. "ಹಂಗಾರ ಹೇಳ್ರಿ, ತಲಿ ಹಿಂದ ಗೆರಿ ಎಷ್ಟು?"

"ಎರಡು." ನೋಡಿಕೊಂಡರೆ ನನ್ನ ಬೆರಳೂ ತಲೆಯ ಹಿಂದೆ ಹೋಗಿತ್ತು.

ನಗು ನಿಂತಿತು. ಆಮೇಲೆ, ಊರಿಂದ ಬಂದ ನೆಂಟರನ್ನು ವಿಚಾರಿಸುವ ಹಾಗೆ, ಮೆಲ್ಲಗೆ ಕೇಳಿದ: "ಬಡಕಲಾಗೇತೇನ್ರಿ?"

"ಇಲ್ಲ, ದುಂಡಗೆ ಉಂಟು. ನಿಮ್ಮ ಶೇಂಗಾ ತಿನ್ನುತ್ತಿತ್ತು."

"ಈಗಿನ ಬಸ್ಸಿಗೇ ಬರ್ತೀನಿ ಅಂತ ಆಕಿಗೆ ಹೇಳ್ರಿ," ಎಂದ ಚಂದಪ್ಪ. ಹೇಳಬೇಕಾಗಿರಲಿಲ್ಲ, ಯಮನವ್ವ ನನ್ನ ಕಿವಿಗೆ ಕಿವಿ ಹಚ್ಚಿಯೇ ನಿಂತಿದ್ದಳು.