ಬೆಚ್ಚಗಿನ ಕೈ, ಸಿಗದ ನಾಡಿ

"ಕೈ ಬೆಚ್ಚಗಿದೆಯೋ ಇಲ್ವೋ, ಅಷ್ಟು ಹೇಳಿ," ಎಂದಳು ಆಸ್ಪತ್ರೆಯ ಹಾಸಿಗೆ ಪಕ್ಕದ ಯಂತ್ರ ನೋಡಿಕೊಳ್ಳುವ ನರ್ಸಮ್ಮ.

"ಬೆಚ್ಚಗೇನೋ ಇದೆ ಸಿಸ್ಟರ್. ಆದ್ರೆ ನಾಡಿನೇ ಸಿಗ್ತಿಲ್ಲ!" ಎಂದ ಮಾಲೀಶಿನವನು. ಕಂಡವರ ಕೈಕಾಲು ನೀವಿ ನೀವಿ ಪಳಗಿದ ಬೆರಳುಗಳು ಅವನವು. ಬಿಸಿ ಮೈಯಲ್ಲಿ ನಾಡಿ ಇಲ್ಲದ್ದನ್ನು ಅವು ಕಂಡದ್ದು ಇದೇ ಮೊದಲು. ಮಲಗಿದ್ದವನು ಅವನ ಒಡಹುಟ್ಟಿದ ಅಣ್ಣ.

"ಹೃದಯ ಬಡಿದ್ರೆ ತಾನೇ ನಾಡಿ? ಈಗ ರಕ್ತ ತಳ್ತಿರೋದು ಈ ಪಂಪು. ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿಯುತ್ತೆ. ಉಸಿರಿನ ಕೆಲಸಾನೂ ಇದರದ್ದೇ. ಈ ವಿಷಕ್ಕೆ ಮದ್ದಿಲ್ಲಪ್ಪ. ಅದು ಮೈಯಿಂದ ಇಳಿಯೋ ತನಕ ಹೃದಯದ ಹೊರೆ ಇದು ಹೊರುತ್ತೆ. ಆಮೇಲೆ ಹೃದಯಾನೇ ಎದ್ದು ಕೆಲಸಕ್ಕೆ ಬರ್ಬೇಕು."

"ಬರದಿದ್ರೆ?"

ನರ್ಸಮ್ಮ ಕೊಳವೆಗಳತ್ತ ನೋಡಿದಳು. ಒಂದರಲ್ಲಿ ಕಪ್ಪಗೆ ಹೋದ ರಕ್ತ ಇನ್ನೊಂದರಲ್ಲಿ ಕೆಂಪಗೆ ಮರಳುತ್ತಿತ್ತು.

ವಿಷ ಮಾಲೀಶಿನವನ ಅಂಗಡಿಯದೇ. ಮಂಡಿನೋವಿಗೆಂದು ವತ್ಸನಾಭಿ ಬೇರು ನೆನೆಹಾಕಿದ ಔಷಧಿ. ಗಿರಾಕಿಗಳು ಬೆದರಿಯಾರೆಂದು ವಿಷ ಎಂಬ ಮಾತನ್ನು ಅವನು ಬಾಯಿಗೇ ತರುತ್ತಿರಲಿಲ್ಲ. ಅಣ್ಣನಿಗೂ ಹಚ್ಚಿಕೋ ಎಂದಿದ್ದ, ಕುಡಿಯಬೇಡ ಎಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂದು ತಮ್ಮನನ್ನು ಹೀಯಾಳಿಸುತ್ತಲೇ ಬಂದಿದ್ದ ಅಣ್ಣ, ನೋವು ತಾಳಲಾರದೆ ಒಮ್ಮೆ ನಂಬಿಬಿಟ್ಟ. ಹಚ್ಚಿದರೆ ಚರ್ಮಕ್ಕೆ, ಕುಡಿದರೆ ಮೂಳೆಗೆ ಎಂದು ಅರ್ಧ ಲೋಟ ಇಳಿಸಿದ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ನಿನ್ನೆಯಿಂದ ಅವನೊಡನೆ ಮಾತು ಬಿಟ್ಟಿದ್ದಳು.

"ನಿನ್ನ ಔಷಧಿಗೆ ಸೊಳ್ಳೆನೂ ಸಾಯಲ್ಲ ಅಂತಿದ್ರು ನಿಮ್ಮಣ್ಣ," ಎಂದಳು ಈಗ.

"ತಪ್ಪಾಯ್ತು ಅತ್ತಿಗೆ. ಮೊದಲೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು," ಎಂದು ಮುಖ ತಿರುಗಿಸಿದಳು.

ಮರುದಿನ ಡಾಕ್ಟರು ಬಂದು, ಹೃದಯ ಕೊಂಚ ಮಿಸುಕುತ್ತಿದೆ, ಪಂಪಿನ ವೇಗ ತಗ್ಗಿಸಿ ನೋಡೋಣ ಎಂದರು. ಮಾಲೀಶಿನವನು ಗೋಡೆಗೆ ಅಂಟಿಕೊಂಡು ನಿಂತ.

"ಅಲ್ಲೇನು ಮಾಡ್ತಿದ್ದೀಯ? ಬಾ, ಕೈ ಹಿಡ್ಕೋ," ಎಂದಳು ಅತ್ತಿಗೆ.

"ನಾನಾ?"

"ಇನ್ಯಾರು? ಎದ್ದ ಕೂಡಲೇ ಬೈಯೋಕೆ ಅವರಿಗೆ ನೀನೇ ಬೇಕು."

ಅವನು ಅಣ್ಣನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟ. ಪಂಪಿನ ಗುಂಯ್ ಸದ್ದು ತಗ್ಗಿತು. ಏನೂ ಇಲ್ಲ. ಇನ್ನಷ್ಟು ತಗ್ಗಿತು. ಮುನಿಸಿಕೊಂಡು ಹೋದ ನೆಂಟ ಮರಳಿ ಬಂದು ಸಂಕೋಚದಿಂದ ಬಾಗಿಲು ಬಡಿದ ಹಾಗೆ, ಒಳಗಿನಿಂದ ಏನೋ ತಟ್ಟಿತು, ತುಸು ನಿಂತಿತು, ಮತ್ತೆ ತಟ್ಟಿತು.

ಅವನು ಅತ್ತಿಗೆಯ ಕೈ ಎಳೆದು, ಅವಳ ಬೆರಳನ್ನು ಆ ಜಾಗದಲ್ಲಿ ಇಟ್ಟ.